ಮೀಸಲಾತಿ ಹೋದ ಮೇಲೂ ರಾಜಕೀಯದಲ್ಲಿ ಉಳಿಯಬಹುದಾ?

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಸೊಸೆ. ತವರು ಗದಗ ಕಡೆ. ನಮ್ಮ ವಾರ್ಡಿಗೆ ಮಹಿಳಾ ಮೀಸಲು ಬಂತು ಅಂತ ಮನೆಯವರೇ ನನ್ನನ್ನು ಗ್ರಾಮ ಪಂಚಾಯ್ತಿಗೆ ನಿಲ್ಲಿಸಿದರು. ಎರಡೂವರೆ ವರ್ಷ ಅಧ್ಯಕ್ಷೆಯೂ ಆಗಿದ್ದೆ. ಮೊದಮೊದಲು ಯಜಮಾನರು ಹೇಳಿದ ಕಡೆ ಸಹಿ ಹಾಕುತ್ತಿದ್ದೆ, ಆಮೇಲೆ ಕೆಲಸ ಕಲಿತೆ. ಈಗ ವಾರ್ಡಿನ ಮೀಸಲಾತಿ ಬದಲಾಗುತ್ತೆ ಅಂತಾರೆ. ಪಕ್ಷದವರು "ಜಿಲ್ಲಾ ಪಂಚಾಯ್ತಿಗೆ ತಯಾರಾಗ್ರಿ" ಅಂತಿದ್ದಾರೆ. ಮನೆಯಲ್ಲಿ "ಸಾಕು ಇನ್ನು" ಅಂತಿದ್ದಾರೆ. ಊರಲ್ಲಿ ಬೇಡದ ಮಾತೂ ಹಬ್ಬಿವೆ. ಮಗಳು ಎಂಟನೇ ಕ್ಲಾಸು. ನಮ್ಮ ಕಡೆ ಹೆಂಗಸರು ರಾಜಕೀಯದಲ್ಲಿ ಬಹಳ ಕಾಲ ಉಳಿದ ಉದಾಹರಣೆ ಇದೆಯಾ? ಮನೆ ಕೆಡಿಸಿಕೊಳ್ಳದೆ ಇದನ್ನು ಮುಂದುವರಿಸಬಹುದಾ?

ಉತ್ತರ:

ಮುಂದುವರಿಸಬಹುದು. ಉದಾಹರಣೆಗಳೂ ಇವೆ, ಆದರೆ ಕಡಿಮೆ. ಯಾಕೆ ಕಡಿಮೆ ಅನ್ನುವುದು ಗೊತ್ತಾದರೆ ನಿಮ್ಮ ದಾರಿಯೂ ಅರ್ಧ ಸ್ಪಷ್ಟವಾಗುತ್ತೆ.

ನೀವು ಪತ್ರದ ನಡುವೆ ಸುಮ್ನೆ ಹೇಳಿ ಮುಂದೆ ಹೋದ ಒಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ವಾರ್ಡಿನ ಮೀಸಲಾತಿ ಬದಲಾಗುತ್ತೆ ಅನ್ನುವ ಮಾತು. ನಮ್ಮ ಕಡೆ ಹೆಣ್ಣುಮಕ್ಕಳ ರಾಜಕೀಯ ಮೀಸಲಾತಿಯಿಂದ ಶುರುವಾಗುತ್ತೆ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಅದು ಉಳಿಯುತ್ತಾ ಇಲ್ವಾ ಅನ್ನುವುದು ತೀರ್ಮಾನವಾಗುವುದು ಮೀಸಲಾತಿ ಇಲ್ಲದ ಮೊದಲ ಚುನಾವಣೆಯಲ್ಲಿ. ಆ ಚುನಾವಣೆಯ ತಯಾರಿ ಪಕ್ಷದ ಆಫೀಸಿನಲ್ಲಿ ನಡೆಯುವುದಕ್ಕಿಂತ ಜಾಸ್ತಿ ನಿಮ್ಮ ಮನೆಯಲ್ಲೇ ನಡೆಯುತ್ತೆ. ಹಾಗಾಗಿ "ರಾಜಕೀಯ ಬೇರೆ, ಮನೆ ಬೇರೆ" ಅನ್ನುವ ಉಪದೇಶವನ್ನು ನಾನು ಮಾಡುವುದಿಲ್ಲ. ಗಂಡಸರಿಗೆ ಅದು ನಡೆಯಬಹುದು, ಯಾಕಂದ್ರೆ ಅವರ ಮನೆ ನಡೆಸುವವರು ಬೇರೆ ಇರುತ್ತಾರೆ.

ಮೊದಲು ಉದಾಹರಣೆ. ಧಾರವಾಡದ ಸರೋಜಿನಿ ಮಹಿಷಿ ಅವರ ಹೆಸರನ್ನು ಕನ್ನಡಿಗರ ಉದ್ಯೋಗದ ವರದಿಯ ಮೂಲಕ ನೀವು ಕೇಳಿರುತ್ತೀರಿ. ರಾಮಕೃಷ್ಣ ಹೆಗಡೆ ಸರ್ಕಾರ ಮಾಡಿದ ಸಮಿತಿ ಅದು. 1986ರಲ್ಲಿ ಅಂತಿಮ ವರದಿ ಬಂತು. ಇವತ್ತಿಗೂ "ಮಹಿಷಿ ವರದಿ ಜಾರಿಯಾಗಲಿ" ಅನ್ನುವ ಘೋಷಣೆ ನಿಂತಿಲ್ಲ. ಆದರೆ ಆ ವರದಿಗೂ ಮುಂಚೆ ಅವರಿಗೆ ದೊಡ್ಡ ಚುನಾವಣಾ ಬದುಕೇ ಇತ್ತು. 1962ರಲ್ಲಿ ಧಾರವಾಡ ಉತ್ತರದಿಂದ ಲೋಕಸಭೆಗೆ ಗೆದ್ದರು. ಕರ್ನಾಟಕದ ಮೊದಲ ಮಹಿಳಾ ಸಂಸದೆ ಅಂತ ಅವರನ್ನೇ ಕರೆಯುತ್ತಾರೆ. 1967, 1971, 1977ರಲ್ಲೂ ಅದೇ ಕ್ಷೇತ್ರ ಅವರನ್ನು ಕಳಿಸಿತು. ಕೇಂದ್ರದಲ್ಲಿ ಮಂತ್ರಿಯಾದರು, ಮುಂದೆ ರಾಜ್ಯಸಭೆಗೂ ಹೋದರು. ಮೀಸಲಾತಿಯ ಸುದ್ದಿಯೇ ಇಲ್ಲದ ಕಾಲದಲ್ಲಿ ನಾಲ್ಕು ಸಲ ಸಾಮಾನ್ಯ ಕ್ಷೇತ್ರದಿಂದ ಗೆದ್ದವರು ಅವರು. ಅವರ ನಂತರ ಆ ಕ್ಷೇತ್ರದಿಂದ ಇನ್ನೊಬ್ಬ ಮಹಿಳೆ ಲೋಕಸಭೆ ಕಂಡಿಲ್ಲ.

ಇನ್ನೂ ಹಿಂದೆ ಹೋದರೆ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮುಂಬೈಯಿಂದ ಹುಬ್ಬಳ್ಳಿಗೆ ಬಂದು ಭಗಿನಿ ಮಂಡಲ ಕಟ್ಟಿದರು, ತಿಲಕ್ ಕನ್ಯಾಶಾಲೆ ನೋಡಿಕೊಂಡರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸೇರಿಸಿದರು. ಅದರಲ್ಲಿ ವಿಧವೆಯರೂ ಇದ್ದರು. 1932ರಲ್ಲಿ ಯರವಡಾ ಜೈಲಿಗೂ ಹೋದರು. ಅಂದಿನ ಮಡಿ-ಮೈಲಿಗೆಯ ಊರುಗಳಲ್ಲಿ ಇದು ಹೇಗೆ ಸಾಧ್ಯವಾಯಿತು? ಅವರ ಧೈರ್ಯ ದೊಡ್ಡದು, ಸರಿ. ಜೊತೆಗೆ ಮಾವ ಆನಂದರಾವ್ ಬೆನ್ನಿಗೆ ನಿಂತಿದ್ದರು. ಮನೆಯ ಹಿರಿಯರಲ್ಲಿ ಒಬ್ಬರು "ಹೋಗಿ ಬಾ" ಅಂದರೆ ಊರಿನ ಅರ್ಧ ಬಾಯಿ ಮುಚ್ಚುತ್ತೆ. ಸ್ವಾತಂತ್ರ್ಯ ಬಂದ ಮೇಲೆ ಉಮಾಬಾಯಿ ಯಾವ ಹುದ್ದೆಯನ್ನೂ ಒಪ್ಪಲಿಲ್ಲ. ಅದನ್ನು ತ್ಯಾಗ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ, ಅಂಥವರು ನಾಲ್ಕು ಜನ ಅಧಿಕಾರ ಹಿಡಿದಿದ್ದರೆ ನಮ್ಮ ಕಡೆಯ ಕಥೆ ಬೇರೆ ಇರುತ್ತಿತ್ತೇನೋ ಅನಿಸುತ್ತೆ.

ಈಗಿನ ಸ್ಥಿತಿ ನೋಡಿ. 1962ರಲ್ಲಿ 208 ಸ್ಥಾನಗಳ ಮೈಸೂರು ವಿಧಾನಸಭೆಗೆ 18 ಮಹಿಳೆಯರು ಗೆದ್ದಿದ್ದರು. 2023ರಲ್ಲಿ 224 ಸ್ಥಾನಗಳಿಗೆ ಗೆದ್ದವರು 10. ಧಾರವಾಡ ಜಿಲ್ಲೆಯ 7, ಗದಗಿನ 4, ಹಾವೇರಿಯ 6, ಒಟ್ಟು 17 ಕ್ಷೇತ್ರಗಳಲ್ಲಿ ಆ ಸಲ ಒಬ್ಬ ಮಹಿಳೆಯೂ ಗೆಲ್ಲಲಿಲ್ಲ. ಅದೇ ಮೂರು ಜಿಲ್ಲೆಗಳ ಗ್ರಾಮ ಪಂಚಾಯ್ತಿಗಳಲ್ಲಿ ಕಾನೂನಿನ ಪ್ರಕಾರ ಅರ್ಧ ಸೀಟು ಹೆಂಗಸರದ್ದು. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲೂ ಹಾಗೇ. ಕೆಳಗೆ ಅಷ್ಟು ಜನ, ಮೇಲೆ ಒಬ್ಬರೂ ಇಲ್ಲ. ಅವರೆಲ್ಲ ಎಲ್ಲಿ ಹೋದರು?

ಹೆಚ್ಚಿನವರು ಒಂದೇ ಅವಧಿಗೆ ನಿಂತುಹೋದರು. ರಾಜ್ಯದಲ್ಲಿ ಮಹಿಳಾ ಮೀಸಲಿಗೆ ಹಳೆಯ ಬುನಾದಿಯೇ ಇದೆ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ಬಂದ ಜಿಲ್ಲಾ ಪರಿಷತ್-ಮಂಡಲ ಪಂಚಾಯ್ತಿ ವ್ಯವಸ್ಥೆಯಲ್ಲಿ ಮಹಿಳೆಯರಿಗೆ ಶೇಕಡಾ 25 ಮೀಸಲು ಇತ್ತು. 1987ರಲ್ಲಿ ಆ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು 1993ರಲ್ಲಿ. ಆಮೇಲೆ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಅಂದರೆ ಬಾಗಿಲು ತೆರೆದು ಮೂವತ್ತೈದು ವರ್ಷದ ಮೇಲಾಯಿತು. ಆದರೆ ಸೀಟಿನ ಮೀಸಲು ಸುತ್ತುತ್ತಾ ಇರುತ್ತೆ. ಈ ಸಲ ಮಹಿಳೆ, ಮುಂದಿನ ಸಲ ಸಾಮಾನ್ಯ, ಅದರ ಮುಂದೆ ಇನ್ನೇನೋ. ಅಧ್ಯಕ್ಷ ಸ್ಥಾನವೂ 30 ತಿಂಗಳಿಗೆ ಬದಲಾಗುತ್ತೆ. ಪಾಲಿಕೆಯ ಮೇಯರ್ ಅವಧಿ ಒಂದೇ ವರ್ಷ. ಕೆಲಸ ಕಲಿಯುವ ಹೊತ್ತಿಗೆ ಕುರ್ಚಿ ಎದ್ದುಹೋಗುತ್ತೆ.

ಮೇಲೆ ಹತ್ತುವ ಏಣಿಯಲ್ಲಿ ನಡುವಿನ ಮೆಟ್ಟಿಲೇ ಮುರಿದಿದೆ ಅನ್ನುವುದು ಎರಡನೇ ಕಾರಣ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಪಕ್ಷದ ಟಿಕೆಟ್, ಅಂದರೆ ಬಿ ಫಾರ್ಮ್, ಮೊದಲು ಕೈಗೆ ಬರುವುದು ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ. ಹಳ್ಳಿಯ ಹೆಣ್ಣುಮಗಳನ್ನು ಜಿಲ್ಲೆಯ ನಾಯಕರು ಗುರುತಿಸುವುದು ಅಲ್ಲೇ. ಆ ಎರಡೂ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಹೀಗೇ ಎಳೆಯಿತು. ಇದರಿಂದ ಗಂಡಸರಿಗೆ ಅಷ್ಟು ನಷ್ಟ ಆಗಲಿಲ್ಲ, ಅವರಿಗೆ ಎಪಿಎಂಸಿ, ಸೊಸೈಟಿ, ಕಂಟ್ರಾಕ್ಟು, ಚಹಾದಂಗಡಿ ಕಟ್ಟೆ ಎಲ್ಲಾ ಇದೆ. ಹೆಣ್ಣುಮಕ್ಕಳಿಗೆ ಇದ್ದ ಒಂದೇ ಮೆಟ್ಟಿಲು ಹೋಯಿತು. ಇದರ ಬಗ್ಗೆ ಯಾರೂ ದೊಡ್ಡದಾಗಿ ಕೂಗಲೂ ಇಲ್ಲ.

ಹಾಗಾದರೆ ವಿಧಾನಸಭೆ ತಲುಪಿದವರು ಯಾವ ದಾರಿಯಲ್ಲಿ ಹೋದರು? ನಮ್ಮ ಸುತ್ತಲೇ ನೋಡೋಣ. ಕುಂದಗೋಳದಲ್ಲಿ ಸಚಿವ ಸಿ.ಎಸ್. ಶಿವಳ್ಳಿ 2019ರ ಮಾರ್ಚ್‌ನಲ್ಲಿ ತೀರಿಕೊಂಡರು. ಎರಡು ತಿಂಗಳೊಳಗೆ ನಡೆದ ಉಪಚುನಾವಣೆಯಲ್ಲಿ ಪತ್ನಿ ಕುಸುಮಾ ಶಿವಳ್ಳಿ ನಿಂತು 1,601 ಮತಗಳಿಂದ ಗೆದ್ದರು. 2023ರಲ್ಲಿ ಸೋತರು. ದುಃಖದ ಮನೆಯಿಂದ ನೇರ ಪ್ರಚಾರಕ್ಕೆ ಇಳಿಯುವುದು ಎಂಥಾ ಕಷ್ಟ ಅಂತ ಗೆದ್ದ ದಿನ ಯಾರೂ ಕೇಳುವುದಿಲ್ಲ. ಅನುಕಂಪದ ಅಲೆ ಒಂದು ಚುನಾವಣೆಗೆ ಬರುತ್ತೆ, ಎರಡನೆಯದಕ್ಕೆ ಬರುವುದಿಲ್ಲ. ತುಂಗಭದ್ರೆಯ ಆಚೆ ಹರಪನಹಳ್ಳಿಯಲ್ಲಿ ಎಂ.ಪಿ. ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ 2023ರಲ್ಲಿ ಟಿಕೆಟ್ ಕೈತಪ್ಪಿದಾಗ ಪಕ್ಷೇತರರಾಗಿ ನಿಂತು ಗೆದ್ದರು. ಅಲ್ಲಿ ತವರಿನ ಹೆಸರಿತ್ತು. ಆದರೆ ಬರೀ ಹೆಸರಿಂದ ಪಕ್ಷೇತರರು ಗೆಲ್ಲುವುದಿಲ್ಲ, ಬೂತ್ ಮಟ್ಟದಲ್ಲಿ ತಮ್ಮದೇ ಜನ ಬೇಕು.

ನಿಮಗೆ ಹೆಚ್ಚು ಉಪಯೋಗ ಆಗುವುದು ಬೆಳಗಾವಿಯ ಲಕ್ಷ್ಮೀ ಹೆಬ್ಬಾಳ್ಕರ್ ಅವರ ದಾರಿ. ಅವರ ಪಕ್ಷ, ಮಾತು ಇಷ್ಟವೋ ಇಲ್ಲವೋ ಅದು ಬೇರೆ. 2013ರಲ್ಲಿ ಬೆಳಗಾವಿ ಗ್ರಾಮೀಣದಲ್ಲಿ ಸೋತರು. 2014ರಲ್ಲಿ ಲೋಕಸಭೆಗೆ ನಿಂತು ಮತ್ತೆ ಸೋತರು. ಆದರೂ ಪಕ್ಷದ ಮಹಿಳಾ ಘಟಕದಲ್ಲಿ ದುಡಿಯುತ್ತಾ ಕ್ಷೇತ್ರ ಬಿಡಲಿಲ್ಲ. 2018ರಲ್ಲಿ ದೊಡ್ಡ ಅಂತರದಿಂದ ಗೆದ್ದರು, 2023ರಲ್ಲಿ ಮತ್ತೆ ಗೆದ್ದು ಮಂತ್ರಿಯಾದರು. ಸೋತ ಗಂಡಸನ್ನು ಊರು "ಮುಂದಿನ ಸಲ ನೋಡೋಣ ಸಾಹೇಬ್ರ" ಅನ್ನುತ್ತೆ. ಸೋತ ಹೆಂಗಸಿಗೆ "ಮನಿ ನೋಡ್ಕೊಂಡು ಇರಬೇಕಿತ್ತು" ಅನ್ನುತ್ತೆ. ಆ ಮಾತನ್ನು ಎರಡು ಸಲ ಕೇಳಿಸಿಕೊಂಡೂ ಉಳಿಯುವಷ್ಟು ಮನೆ ಗಟ್ಟಿ ಇರಬೇಕು. ಅದಕ್ಕೇ ನಾನು ಮತ್ತೆ ಮತ್ತೆ ಮನೆ ಅನ್ನುತ್ತಿರುವುದು.

ಈಗ ನಿಮ್ಮ ಮನೆಗೇ ಬರೋಣ.

ಅಧ್ಯಕ್ಷೆಯಾಗಿದ್ದಾಗ ನಿಮ್ಮ ಡೋಂಗಲ್ ಎಲ್ಲಿರುತ್ತಿತ್ತು? ಬಿಲ್ ಪಾಸ್ ಮಾಡಲು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರೂ ಹಾಕಬೇಕಾದ ಡಿಜಿಟಲ್ ಸಹಿ ಅದು. ತರಬೇತಿಗಳಲ್ಲಿ ನಾನು ಈ ಪ್ರಶ್ನೆ ಕೇಳಿದಾಗ ಮೊದಲು ಸಭಾಂಗಣದಲ್ಲಿ ನಗು ಏಳುತ್ತೆ. ಆಮೇಲೆ ಒಬ್ಬೊಬ್ಬರೇ ಹೇಳುತ್ತಾರೆ. ಯಜಮಾನರ ಕಿಸೆಯಲ್ಲಿ, ಮೈದುನನ ಬೈಕಿನ ಡಿಕ್ಕಿಯಲ್ಲಿ, ಪಂಚಾಯ್ತಿ ಕಂಪ್ಯೂಟರ್ ಆಪರೇಟರ್ ಹತ್ತಿರ. ಹೊಣೆ ಮಾತ್ರ ನಿಮ್ಮದೇ. ನಾಳೆ ಆಡಿಟ್ ಆಕ್ಷೇಪಣೆ ಬಂದರೆ, ಲೋಕಾಯುಕ್ತಕ್ಕೆ ದೂರು ಹೋದರೆ, ವಸೂಲಿ ನೋಟಿಸ್ ಬರುವುದು ನಿಮ್ಮ ಹೆಸರಿಗೆ. "ನನಗೇನೂ ಗೊತ್ತಿರಲಿಲ್ಲ ಸರ್" ಅಂದರೆ ಯಾರೂ ಕೇಳುವುದಿಲ್ಲ. ಹೆಂಡತಿಯ ಬದಲು ಗಂಡ ಆಡಳಿತ ನಡೆಸುವ ಈ ಚಾಳಿ ದೇಶದ ತುಂಬಾ ಇದೆ. ಅದನ್ನು ತಡೆಯುವ ದಾರಿ ಹುಡುಕಲು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಒಂದು ಸಮಿತಿಯನ್ನೇ ಮಾಡಿತು. ಸಭೆಯಲ್ಲಿ ಗಂಡಂದಿರು ಕೂರಬಾರದು ಅಂತ ಸುತ್ತೋಲೆಗಳೂ ಬಂದಿವೆ. ಸುತ್ತೋಲೆ ಗೋಡೆ ಮೇಲೆ, ಗಂಡ ಕುರ್ಚಿ ಮೇಲೆ, ಅಷ್ಟೇ.

ನೀವು ನಡುವೆ ಕೆಲಸ ಕಲಿತೆ ಅಂದಿದ್ದೀರಿ. ಅದು ದೊಡ್ಡ ಮಾತು. ಹಾಗಾದರೆ ನಿಮ್ಮ ಕಾಲದ ಕಾಮಗಾರಿಗಳ ಪಟ್ಟಿ, ಠರಾವಿನ ಪ್ರತಿ, ಜಮಾಬಂದಿ (ಪಂಚಾಯ್ತಿ ಲೆಕ್ಕದ ವಾರ್ಷಿಕ ತಪಾಸಣೆ) ವರದಿ, ಆಡಿಟ್ ವರದಿ, ಇವುಗಳ ನಕಲನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಇದು ಎರಡು ಕಡೆ ಕೆಲಸಕ್ಕೆ ಬರುತ್ತೆ. ದೂರು ಬಂದರೆ ಉತ್ತರ ಕೊಡಬಹುದು. ಓಟು ಕೇಳಲು ಹೋದಾಗ ಯಾವ ಓಣಿಗೆ ಯಾವ ವರ್ಷ ಏನು ಮಾಡಿಸಿದೆ ಅಂತ ತೋರಿಸಬಹುದು. ನೀರಗಂಟಿಯ ಹೆಸರು, ಯಾವ ಓಣಿಯ ಬೋರು ಬೇಸಿಗೆಯಲ್ಲಿ ಕೈಕೊಡುತ್ತೆ ಅನ್ನುವುದು ನಿಮಗೆ ಬಾಯಿಪಾಠ ಇರಬೇಕು. ಗಂಡಸರು ಭಾಷಣ ಮಾಡಲಿ ಬಿಡಿ.

ಫೋನಿನ ವಿಷಯ ಸಣ್ಣದು ಅನಿಸಬಹುದು, ಅಲ್ವಾ? ಆದರೆ ಸದಸ್ಯೆಯ ಹೆಸರಿನ ಮುಂದೆ ಗಂಡನ ನಂಬರ್ ಇದ್ದರೆ ಐದು ವರ್ಷದಲ್ಲಿ ಬೆಳೆಯುವುದು ಗಂಡನ ರಾಜಕೀಯ. ಕರೆಂಟು ಹೋದ ರಾತ್ರಿ, ಹೆರಿಗೆ ನೋವಿನ ಹೊತ್ತು, ರೇಷನ್ ಕಾರ್ಡಿನ ತಕರಾರು, ಜನ ಯಾರಿಗೆ ಫೋನ್ ಮಾಡುತ್ತಾರೋ ಅವರೇ ಮೆಂಬರು. ನಿಮ್ಮ ನಂಬರ್ ನಿಮ್ಮ ಹತ್ತಿರವೇ ಇರಲಿ. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಯಜಮಾನರೋ ಅತ್ತೆಯವರೋ ಎತ್ತಿ "ಅಕ್ಕಾರ ಬೆಳಿಗ್ಗೆ ಮಾತಾಡ್ತಾರ" ಅಂದರೆ ತಪ್ಪೇನಿಲ್ಲ. ಯಾರು ಯಾವಾಗ ಎತ್ತಬೇಕು ಅನ್ನುವುದನ್ನು ನೀವು ತೀರ್ಮಾನ ಮಾಡಬೇಕು, ಅಷ್ಟೇ.

ಓಡಾಟದ ಸಮಸ್ಯೆ ಇದಕ್ಕಿಂತ ದೊಡ್ಡದು. ಜಿಲ್ಲಾ ಪಂಚಾಯ್ತಿ ಅಂದರೆ ಹಾವೇರಿಗೆ ಪದೇ ಪದೇ ಹೋಗಬೇಕು, ಪಕ್ಷದ ಸಭೆ ಅಂದರೆ ಹುಬ್ಬಳ್ಳಿಗೆ. ಅವು ಶುರುವಾಗುವುದೇ ಸಂಜೆ. ಕೊನೆ ಬಸ್ಸು ತಪ್ಪುತ್ತೆ. ಯಜಮಾನರೇ ಬಿಡಬೇಕು ಅಂತಾದರೆ ಅವರ ಹೊಲಮನೆ ಕೆಲಸ ಕೆಡುತ್ತೆ. ಸಿಟ್ಟು ಅಲ್ಲಿಂದ ಹುಟ್ಟುತ್ತೆ. "ಸಾಕು ಇನ್ನು" ಅನ್ನುವ ಮಾತಿನ ಹಿಂದೆ ಇಂಥ ಸಾದಾ ದಣಿವೂ ಇರುತ್ತೆ, ಎಲ್ಲವನ್ನೂ ದರ್ಪ ಅಂತ ಓದಬೇಡಿ. ಸ್ಕೂಟಿ ಕಲಿಯಿರಿ. ದೂರದ ಸಭೆಗೆ ಪಕ್ಕದ ಪಂಚಾಯ್ತಿಗಳ ಇನ್ನಿಬ್ಬರು ಹೆಣ್ಣುಮಕ್ಕಳ ಜೊತೆ ಗಾಡಿ ಮಾಡಿ ಹೋಗಿ. ಖರ್ಚು ಹಂಚಿಹೋಗುತ್ತೆ, ಊರಿನ ಬಾಯಿಗೂ ಕೆಲಸ ಕಡಿಮೆ. ಹಾಗೆ ಜೊತೆಯಾಗಿ ಓಡಾಡಿದವರು ನಿಮ್ಮ ಮುಂದಿನ ಚುನಾವಣೆಯಲ್ಲೂ ಜೊತೆಗೆ ಬರುತ್ತಾರೆ.

ಅತ್ತೆಯವರ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ, ಅವರನ್ನು ಗೆಲ್ಲುವುದು ಗಂಡನನ್ನು ಗೆಲ್ಲುವುದಕ್ಕಿಂತ ಹೆಚ್ಚು ಉಪಯೋಗ. ವೃದ್ಧಾಪ್ಯ ವೇತನ ನಿಂತವರು, ಮನೆ ಸೋರುವವರು ಮೊದಲು ಕಟ್ಟೆಗೆ ಬಂದು ಹೇಳಿಕೊಳ್ಳುವುದು ಮನೆಯ ಹಿರಿಯ ಹೆಂಗಸಿನ ಹತ್ತಿರವೇ. ಅವರು ಹೇಳಿದ ಒಂದೆರಡು ಕೆಲಸ ಮೊದಲು ಮಾಡಿಸಿ ಕೊಡಿ. ಊರಲ್ಲಿ ಅವರ ಮಾತಿಗೆ ಬೆಲೆ ಬಂದರೆ ನಿಮ್ಮ ರಾಜಕೀಯ ಅವರದ್ದೂ ಆಗುತ್ತೆ.

ಮಗಳ ವಿಷಯ. ಎಂಟನೇ ಕ್ಲಾಸಿನ ಹುಡುಗಿ ಎಲ್ಲವನ್ನೂ ನೋಡುತ್ತಿರುತ್ತಾಳೆ, ಶಾಲೆಯಲ್ಲಿ ನಿಮ್ಮ ಬಗ್ಗೆ ಬರುವ ಮಾತನ್ನೂ ಕೇಳುತ್ತಾಳೆ. ಅವಳಿಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ. ಎಸ್ಸೆಸ್ಸೆಲ್ಸಿ ವರ್ಷ ಚುನಾವಣೆ ಬಂದರೆ ಆ ಆರು ತಿಂಗಳು ಮನೆಯಲ್ಲಿ ಯಾರಿರುತ್ತಾರೆ ಅಂತ ಈಗಲೇ ಮಾತಾಡಿಕೊಳ್ಳಿ. ಅಮ್ಮ ಅಥವಾ ಅಕ್ಕ ತವರಿಂದ ಬಂದಿರಬಹುದಾ? ಇದನ್ನು ಕೇಳಲು ಸಂಕೋಚ ಬೇಡ. ಯಾವ ಶಾಸಕನ ಮಕ್ಕಳನ್ನೂ ಆತ ಒಬ್ಬನೇ ಓದಿಸಿಲ್ಲ.

ಬೇಡದ ಮಾತಿನ ಬಗ್ಗೆ ಹೆಚ್ಚು ಉಪದೇಶ ಮಾಡುವುದಿಲ್ಲ. ಅದು ಕೆಲಸಕ್ಕೆ ಬಂದ ಎಲ್ಲ ಹೆಣ್ಣುಮಕ್ಕಳಿಗೂ ಬರುತ್ತೆ. ಬಾಯಿಮಾತಿಗೆ ಉತ್ತರ ಕೊಡಲು ಹೋದರೆ ಇನ್ನೂ ನಾಲ್ಕು ದಿನ ಅದೇ ಓಡುತ್ತೆ. ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ತಿದ್ದಿ ಹಾಕಿದರೆ, ಹೆಸರು ಹಿಡಿದು ಕೆಟ್ಟದಾಗಿ ಬರೆದರೆ ಸುಮ್ಮನಿರಬೇಡಿ. ಸ್ಕ್ರೀನ್‌ಶಾಟ್ ತೆಗೆಯಿರಿ, ದಿನ, ಹೊತ್ತು, ನಂಬರ್ ಕಾಣುವಂತೆ ಇರಲಿ. ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಯಜಮಾನರಿಗೆ ಮೊದಲು ನೀವೇ ತೋರಿಸಿ, ಅವರು ಕಟ್ಟೆಯ ಮೇಲೆ ನೋಡುವ ಹಾಗೆ ಆಗಬಾರದು. ಎಷ್ಟೋ ಮನೆಗಳಲ್ಲಿ ಜಗಳ ಆಗಿರುವುದು ಸುದ್ದಿಯಿಂದಲ್ಲ, ಸುದ್ದಿ ಬೇರೆಯವರಿಂದ ಗೊತ್ತಾಗಿದ್ದಕ್ಕೆ.

ಇನ್ನು ಕಾಗದಪತ್ರ. ಇದು ಬೇಸರದ ವಿಷಯ, ಆದರೆ ನಾಮಪತ್ರದ ದಿನ ಹೆಣ್ಣುಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಹೆಸರೇ ಬದಲಿಸುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಮತದಾರರ ಪಟ್ಟಿಯಲ್ಲಿ ಮೂರನೆಯದು. ಅದನ್ನು ಚುನಾವಣೆ ಘೋಷಣೆಗೆ ಮುಂಚೆಯೇ ಸರಿಮಾಡಿಸಿ. ಜಾತಿ ಪ್ರಮಾಣಪತ್ರ ಗಂಡನ ಜಾತಿಯ ಮೇಲೆ ಸಿಗುವುದಿಲ್ಲ. ಜಾತಿ ಹುಟ್ಟಿನಿಂದ ಬರುತ್ತೆ, ಮದುವೆಯಿಂದ ಬದಲಾಗುವುದಿಲ್ಲ ಅನ್ನುವುದು ಸುಪ್ರೀಂ ಕೋರ್ಟಿನ ಮಾತು. ಅಂದರೆ ನಿಮ್ಮ ಸೀಟು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗಕ್ಕೆ ಬಂದರೆ ಗದಗಿನ ತವರಿನ ದಾಖಲೆ, ತಂದೆಯ ಹೆಸರಿನ ಶಾಲಾ ಪತ್ರ ಬೇಕು. ತವರಿನವರ ಜೊತೆ ಮಾತುಕತೆ ಚೆನ್ನಾಗಿರಲಿ ಅನ್ನಲು ಇದೂ ಒಂದು ಕಾರಣ.

ಮುಂದೆ ಎಂದಾದರೂ ವಿಧಾನಸಭೆಯ ಆಸೆ ಇದ್ದರೆ ಇನ್ನೊಂದು ವಿಷಯ ತಿಳಿದಿರಲಿ. ಅಲ್ಲಿ ಸಲ್ಲಿಸುವ ಪ್ರಮಾಣಪತ್ರದಲ್ಲಿ ನಿಮ್ಮದಷ್ಟೇ ಅಲ್ಲ, ಗಂಡನ ಆಸ್ತಿ, ಸಾಲ, ಆದಾಯ ತೆರಿಗೆ ಲೆಕ್ಕವನ್ನೂ ಬರೆಯಬೇಕು. ಯಜಮಾನರು ಮಾಡಿದ ಕೈಸಾಲವೂ ಸಾರ್ವಜನಿಕ ಆಗುತ್ತೆ. ಹೆಚ್ಚಿನ ಅಭ್ಯರ್ಥಿಗಳ ಆ ಪತ್ರ ತೆರೆದು ನೋಡಿ, ಹೆಂಗಸರ ಹೆಸರಿನಲ್ಲಿ ಬಂಗಾರ ಇರುತ್ತೆ, ಜಮೀನು ಇರುವುದಿಲ್ಲ. ಉತಾರದಲ್ಲಿ (ಪಹಣಿಯಲ್ಲಿ) ನಿಮ್ಮ ಹೆಸರಿದೆಯಾ? ಸುಮ್ನೆ ಕೇಳುತ್ತಿಲ್ಲ. ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಸದಸ್ಯತ್ವ, ಬೆಳೆಸಾಲ, ಎಪಿಎಂಸಿ ಮತ ಎಲ್ಲವೂ ಉತಾರದ ಹಿಂದೆ ಬರುತ್ತೆ. ರೈತ ರಾಜಕಾರಣದ ಬೇರು ಇರುವ ಜಾಗ ಅದು. ಅಲ್ಲಿ ಹೆಸರಿಲ್ಲದಿದ್ದರೆ ಹೆಣ್ಣುಮಗಳು ಬರೀ ಮಹಿಳಾ ಘಟಕದ ಅರಿಶಿನ-ಕುಂಕುಮಕ್ಕೆ ಉಳಿಯುತ್ತಾಳೆ. ಜಂಟಿ ಹೆಸರಿಗೆ ಒಂದು ಎಕರೆ ಬಂದರೂ ಲೆಕ್ಕ ಬೇರೆ.

ಚುನಾವಣೆ ಇಲ್ಲದ ವರ್ಷಗಳಲ್ಲಿ ಎಲ್ಲಿರಬೇಕು ಅನ್ನುವುದಕ್ಕೂ ಇದೇ ಉತ್ತರ. ಮಹಿಳಾ ಹಾಲು ಉತ್ಪಾದಕರ ಸಂಘ ಇದ್ದರೆ ಅದರ ಆಡಳಿತ ಮಂಡಳಿಗೆ ಬನ್ನಿ. ಇಲ್ಲದಿದ್ದರೆ ಕಟ್ಟಿ. ದಿನಕ್ಕೆ ಎರಡು ಹೊತ್ತು ಜನ ಸೇರುವ ಜಾಗ ಊರಲ್ಲಿ ಇನ್ನೊಂದಿಲ್ಲ. ಸಂಜೀವಿನಿ ಒಕ್ಕೂಟ, ಸ್ತ್ರೀಶಕ್ತಿ ಸಂಘಗಳ ಜೊತೆ ಸಂಪರ್ಕ ಬಿಡಬೇಡಿ. ನಿಮ್ಮದು ಬ್ಯಾಡಗಿ. ಮೆಣಸಿನಕಾಯಿ ಸೀಸನ್ನಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬರುತ್ತಾರೆ. ಅವರ ಕೂಲಿ, ಕುಡಿಯುವ ನೀರು, ಶೌಚಾಲಯ, ಘಾಟಿನಿಂದ ಬರುವ ಕೆಮ್ಮು, ಇದನ್ನು ತನ್ನ ವಿಷಯ ಅಂತ ಹಿಡಿದ ರಾಜಕಾರಣಿ ಬೇಕು. ಅದೇ ಯಾಕೆ ನೀವಾಗಬಾರದು? ನಿಮ್ಮ ಊರಿನ ಹೊರಗೂ ನಿಮ್ಮ ಹೆಸರು ಹೋಗುವುದು ಇಂಥ ಒಂದು ವಿಷಯದಿಂದ.

ಈಗ ಜಿಲ್ಲಾ ಪಂಚಾಯ್ತಿ. ಪಕ್ಷದವರ ಬಾಯಿಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಮೀಸಲಾತಿ ಪಟ್ಟಿ ಬರುವ ಮುಂಚೆ ಪ್ರತಿ ಕ್ಷೇತ್ರದಲ್ಲೂ ಮೂರ್ನಾಲ್ಕು ಹೆಣ್ಣುಮಕ್ಕಳಿಗೆ "ತಯಾರಾಗ್ರಿ" ಅಂತ ಹೇಳಿರುತ್ತಾರೆ. ಮಹಿಳಾ ಮೀಸಲು ಬಂದರೆ ಒಬ್ಬರು ಬೇಕಲ್ಲ, ಅದಕ್ಕೆ. ಬರದಿದ್ದರೆ ನಾಲ್ವರಿಗೂ ಫೋನ್ ಬರುವುದಿಲ್ಲ. ಅವರಿಗೆ ನೇರ ಕೇಳಿ: ಸೀಟು ಸಾಮಾನ್ಯ ಆದರೂ ಬಿ ಫಾರ್ಮ್ ಕೊಡುತ್ತೀರಾ? ಖರ್ಚಿನಲ್ಲಿ ಪಕ್ಷದ ಪಾಲು ಎಷ್ಟು? ತಾಲ್ಲೂಕು ಘಟಕದಲ್ಲಿ ಈಗಲೇ ಒಂದು ಹುದ್ದೆ ಕೊಡುತ್ತೀರಾ, ಮಹಿಳಾ ಘಟಕ ಅಲ್ಲ, ಮುಖ್ಯ ಘಟಕದಲ್ಲಿ? ಉತ್ತರ ಬರುವ ರೀತಿಯಲ್ಲೇ ನಿಮಗೆ ಗೊತ್ತಾಗುತ್ತೆ. ಚುನಾವಣೆಗೆ ಅಂತ ಬಂಗಾರ ಒತ್ತೆ ಇಡಬೇಡಿ, ಹೊಲ ಮಾರಬೇಡಿ. ಈ ಒಂದು ವಿಷಯದಲ್ಲಿ ಮನೆಯವರ ಭಯ ಸರಿ ಇದೆ.

ವಿಧಾನಸಭೆ, ಲೋಕಸಭೆಯ ಮಹಿಳಾ ಮೀಸಲಾತಿ ಬಗ್ಗೆಯೂ ಕೇಳಿರುತ್ತೀರಿ. 2023ರ 106ನೇ ಸಂವಿಧಾನ ತಿದ್ದುಪಡಿ ಮೂರನೇ ಒಂದು ಸೀಟು ಕೊಡುತ್ತೆ. ಆದರೆ ಜನಗಣತಿ, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು ಅಂತ ಅದರಲ್ಲೇ ಬರೆದಿದೆ. ಅದು ಬಂದಾಗ ನಮ್ಮ ಮೂರು ಜಿಲ್ಲೆಯಲ್ಲಿ ಐದಾರು ಕ್ಷೇತ್ರ ಮಹಿಳೆಯರಿಗೆ ಹೋಗಬಹುದು. ಆವತ್ತು ಪಕ್ಷಗಳು ಮೊದಲು ತಮ್ಮ ಹೆಂಡತಿ, ಸೊಸೆ, ಮಗಳ ಕಡೆ ನೋಡುತ್ತವೆ. ಆ ಸಾಲಿನಲ್ಲಿ ಸ್ವಂತ ಓಟು ಇರುವ ನಾಲ್ಕು ಹೆಸರೂ ಇರಬೇಕು ಅಂದರೆ ನಿಮ್ಮಂಥವರು ಈಗ ಮನೆಗೆ ಹೋಗಬಾರದು.

ಹಾಗಾದರೆ ಈಗ ಏನು ಮಾಡಬೇಕು? ನನ್ನ ಅಭಿಪ್ರಾಯ ಕೇಳಿದರೆ, ಜಿಲ್ಲಾ ಪಂಚಾಯ್ತಿಗೆ ಕಾಯುತ್ತಾ ಕೂರದೆ ನಿಮ್ಮ ಅದೇ ವಾರ್ಡಿನಲ್ಲಿ ಗ್ರಾಮ ಪಂಚಾಯ್ತಿಗೆ ಮತ್ತೆ ನಿಲ್ಲಿ. ಅದು ಸಾಮಾನ್ಯ ಸೀಟಾದರೂ ನಿಲ್ಲಿ. ಸಾಮಾನ್ಯ ಅಂದರೆ ಗಂಡಸರಿಗೆ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ, ಅದು ಊರಿನ ತಿಳುವಳಿಕೆ ಅಷ್ಟೇ. ಸೋತರೂ ಎಷ್ಟು ಓಟು ನಿಮ್ಮ ಸ್ವಂತದ್ದು ಅನ್ನುವುದು ಲೆಕ್ಕಕ್ಕೆ ಸಿಗುತ್ತೆ. ಗೆದ್ದರೆ, ಸಾಮಾನ್ಯ ವಾರ್ಡಿನಲ್ಲಿ ಗೆದ್ದ ಹೆಣ್ಣುಮಗಳು ಅಂತ ಬಿ ಫಾರ್ಮ್ ಹಂಚುವವರಿಗೂ ಗೊತ್ತಾಗುತ್ತೆ.

ಇಲ್ಲೊಂದು ತೊಡಕು ಇದೆ. ನೀವು ಬರೆದಿಲ್ಲ, ಬಹುಶಃ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಯೂ ಇಲ್ಲ. ವಾರ್ಡು ಸಾಮಾನ್ಯ ಆದರೆ ಯಜಮಾನರಿಗೇ ನಿಲ್ಲುವ ಆಸೆ ಇರಬಹುದು. ಐದು ವರ್ಷ ಆ ಸೀಟನ್ನು ನಿಮ್ಮ ಹೆಸರಿನಲ್ಲಿ ಕಾಯ್ದಿಟ್ಟೆ ಅಂತ ಅವರು ಅಂದುಕೊಂಡಿರಬಹುದು. "ಸಾಕು ಇನ್ನು" ಅನ್ನುವುದರ ಅರ್ಥ ಅದೂ ಆಗಿರಬಹುದು. ಅದನ್ನು ಅವರ ಹತ್ತಿರ ಸಮಾಧಾನದಿಂದ, ಮೂರನೆಯವರಿಲ್ಲದಾಗ, ನೇರ ಕೇಳಿಬಿಡಿ. ಇಲ್ಲ ಅಂದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಹೌದು ಅಂದರೆ ಜಗಳ ಬೇಡ, ಲೆಕ್ಕ ಹಾಕಿ: ವಾರ್ಡಿನ ಹೆಂಗಸರ ಓಟು ಯಾರಿಗೆ ಬೀಳುತ್ತೆ, ಪಕ್ಕದ ಊರುಗಳಲ್ಲಿ ಯಾರ ಹೆಸರು ಗೊತ್ತು, ಕಡತ ಯಾರಿಗೆ ಗೊತ್ತು. ಒಂದೇ ಮನೆಯಿಂದ ಇಬ್ಬರು ನಿಂತರೆ ಊರು ಒಪ್ಪುವುದು ಕಷ್ಟ. ಹಾಗಾಗಿ ಗ್ರಾಮ ಪಂಚಾಯ್ತಿಗೆ ಯಾರು, ಸೊಸೈಟಿ ಅಥವಾ ಎಪಿಎಂಸಿಗೆ ಯಾರು ಅಂತ ಮೊದಲೇ ಹಂಚಿಕೊಳ್ಳಬೇಕು. ಅಧ್ಯಕ್ಷೆಯಾಗಿ ಸಹಿ ಹಾಕಿ ಹೊಣೆ ಹೊತ್ತವರು ನೀವು, ವಾರ್ಡು ನಿಮ್ಮ ಪಾಲಿಗೆ ಬರಬೇಕು ಅನ್ನುವುದು ನನ್ನ ಮಾತು. ಮೀಸಲಾತಿ ಪಟ್ಟಿ ಹೊರಬೀಳುವ ಮುಂಚೆಯೇ ಈ ಮಾತುಕತೆ ಮುಗಿಸಿ. ಪಟ್ಟಿ ಬಂದ ಮೇಲೆ ನಿಮ್ಮ ಮನೆಯ ತೀರ್ಮಾನವನ್ನು ಊರಿನ ಹತ್ತು ಜನ ಮಾಡಲು ಶುರುಮಾಡುತ್ತಾರೆ.